ತಪ್ಪಿನ ಕುರಿ

ಮದುವೆ ಮನೆಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ, ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತಿದ್ದಾಗ ಹಲ್ಲಿನ ಡಾಕ್ಟರೂ ಕೇಳಿದರು: "ಅವನೇ ಮಾಡಿದ್ದು ಅಂತ ಊರಿಗೆಲ್ಲ ಗೊತ್ತಿರುತ್ತೆ. ಆದ್ರೂ ಕೋರ್ಟಿನಲ್ಲಿ 'ನಾನು ಮಾಡಿಲ್ಲ' ಅಂತ ಹೇಳಿಸ್ತೀರಲ್ಲ ಮೇಡಂ, ನಿಮಗೇನೂ ಅನ್ನಿಸಲ್ವಾ?" ನನ್ನ ಬಾಯಲ್ಲಿ ಹತ್ತಿ ತುಂಬಿದ್ದರಿಂದ ಡಾಕ್ಟರು ಬಚಾವಾದರು. ಉಳಿದವರಿಗೆಲ್ಲ ಉತ್ತರ ಕೊಟ್ಟೇ ಕಳಿಸಿದ್ದೇನೆ.

ಉತ್ತರ ಇಷ್ಟೇ. ಕೋರ್ಟಿನಲ್ಲಿ ಯಾರೂ 'ನೀನು ಮಾಡಿದೆಯಾ' ಎಂದು ಕೇಳುವುದಿಲ್ಲ. ಪೊಲೀಸರು ಬರೆದುಕೊಂಡು ಬಂದ ಇಡೀ ಆರೋಪವನ್ನು ಒಪ್ಪುತ್ತೀಯಾ, ಇಲ್ಲ ವಿಚಾರಣೆ ಬೇಕಾ ಎಂದು ಕೇಳುತ್ತಾರೆ. ಆ ಬರಹದಲ್ಲಿ ಅರ್ಧ ನಿಜ, ಕಾಲು ಊಹೆ, ಮಿಕ್ಕದ್ದು ಬರೆದವರ ಕೈಚಳಕ. ಇಷ್ಟಕ್ಕೆ ಹ್ಞೂಂ, ಇಷ್ಟಕ್ಕೆ ಇಲ್ಲ ಎಂದರೂ ಅದು 'ಇಲ್ಲ' ಎಂದೇ ದಾಖಲಾಗುತ್ತದೆ. ಪೂರ್ತಿ ಹ್ಞೂಂ ಅಂದರೆ ಎಷ್ಟು ಶಿಕ್ಷೆ ಎಂದು ಮೊದಲೇ ಹೇಳುವವರು ಯಾರೂ ಇಲ್ಲ. ಒಪ್ಪಿಕೊಂಡವನಿಗೆ ಶಿಕ್ಷೆ ಇಳಿಸುವ ಅಧ್ಯಾಯವೊಂದು ಕಾನೂನಿನ ಪುಸ್ತಕದಲ್ಲಿ ಇದೆ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿ ಎಂದು ಓಡಾಡುವ ನನಗೆ ಆ ಪುಟ ತೆರೆಯುವ ಸಂದರ್ಭ ಇನ್ನೂ ಬಂದಿಲ್ಲ. ಅದೇ 'ಇಲ್ಲ' ಅಂದರೆ ಕಳೆದುಕೊಳ್ಳುವುದೇನು? ಸಾಬೀತು ಮಾಡುವುದು ಸರ್ಕಾರದ ಕೆಲಸ, ಮಾಡಲಿ. ಈಗಲೂ ನನ್ನ ಉತ್ತರ ಇದೇ. ದೊಡ್ಡಬೀರಪ್ಪನ ಕೇಸಿನ ನಂತರ ಇದನ್ನು ಹೇಳುವಾಗ ದನಿ ಮೊದಲಿನಷ್ಟು ಏರುವುದಿಲ್ಲ.

ಅವನನ್ನು ನನ್ನ ಆಫೀಸಿಗೆ ಕರೆತಂದವರು ನನ್ನ ತಂದೆ ಜಮಾಲ್ ಸಾಬ್. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಅಬ್ಬಾನದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಸುಟ್ಟ ಮೋಟಾರು ಹೊತ್ತು ಬರುವ ರೈತರ ಮೇಲೆ ಏನಾದರೂ ಕೇಸು ಇದ್ದರೆ ಸಾಕು, ಮೋಟಾರು ಇಳಿಸಿಕೊಂಡು ರೈತರನ್ನು ನನ್ನ ಕಡೆ ಅಟ್ಟುತ್ತಾರೆ. ಅವತ್ತು ಮಾತ್ರ ತಾವೇ ಜೊತೆಗೆ ಬಂದಿದ್ದರು.

"ಅಸ್ಮಾ ಬೇಟಿ, ಇವ್ರು ದೊಡ್ಡಬೀರಪ್ಪ. ಹಂಪಸಾಗರದ ಕಡೇರು. ಭಾಳ ಹಳೇ ಗಿರಾಕಿ. ನಿನ್ನೆ ಜಾಮೀನು ಆಗೈತಿ," ಎಂದು ಹೇಳಿ ಸ್ಟೂಲಿನ ಮೇಲೆ ಕೂತರು.

ಐವತ್ತರ ಆಸುಪಾಸಿನ ಮನುಷ್ಯ, ಹೆಗಲ ಮೇಲೆ ಕಂಬಳಿ. ಕುರ್ಚಿ ತೋರಿಸಿದರೂ ಕೂರಲಿಲ್ಲ. "ನಾನ ಕೊಂದೀನ್ರಿ ಮೇಡಂ. ನಮ್ಮ ಅಕ್ಕನ ಮಗನ್ನ ನಾನ ಕೊಂದೀನಿ," ಎಂದ.

ನಾನು ಎದ್ದು ಹೋಗಿ ಬಾಗಿಲು ಹಾಕಿದೆ. "ನೋಡ್ರಿ, ಈ ಮಾತು ನನ್ನ ಮುಂದ ಆಡಿದ್ರಿ, ಇಲ್ಲೇ ಬಿಡ್ರಿ. ಇನ್ನ ಹೊರಗ ಯಾರ ಮುಂದನೂ ಆಡಬ್ಯಾಡ್ರಿ."

ನಡೆದದ್ದು ನಮ್ಮ ಕಡೆ ಹೊಸದಲ್ಲ. ತೆನೆ ಕಟ್ಟಿದ ಮೆಕ್ಕೆಜೋಳಕ್ಕೆ ಕಾಡುಹಂದಿ ನುಗ್ಗುತ್ತಿತ್ತು. ಇವನು ಹೊಲದ ಸುತ್ತ ಗೂಟ ಹೊಡೆದು, ತೆಳ್ಳನೆಯ ತಂತಿ ಎಳೆದು, ಪಂಪ್‌ಸೆಟ್ ಮನೆಯಿಂದ ಅದಕ್ಕೆ ಕರೆಂಟು ಕೊಟ್ಟಿದ್ದ. ದಿನಾ ಬೆಳಕು ಹರಿಯುವ ಮುಂಚೆ ಹೋಗಿ ತೆಗೆಯುತ್ತಿದ್ದ. ಒಂದು ದಿನ ಏಳುವುದು ತಡವಾಯಿತು. ಹಂಪಸಾಗರಕ್ಕೆ ಕೊಟ್ಟ ಅಕ್ಕ ಜಂಬಕ್ಕನ ಮಗ ಮಾರೇಶ, ಇನ್ನೂ ಮದುವೆಯಾಗದ ಹುಡುಗ, ತಪ್ಪಿಸಿಕೊಂಡ ಕುರಿ ಹುಡುಕುತ್ತ ಮಾವನ ಹೊಲಕ್ಕೆ ಬಂದು ತಂತಿ ತುಳಿದ. ಕರೆಂಟು ತೆಗೆಯಲು ಓಡಿ ಬಂದ ದೊಡ್ಡಬೀರಪ್ಪನೇ ಅವನನ್ನು ಮೊದಲು ನೋಡಿದ್ದು. ಹೆಣವನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತಂದು, 'ನಾನ ಕೊಂದೆ, ನಾನ ಕೊಂದೆ' ಎಂದು ಬೊಬ್ಬೆ ಹೊಡೆದದ್ದನ್ನು ಮೊದಲ ಬಸ್ಸಿನಲ್ಲಿದ್ದವರೆಲ್ಲ ಕೇಳಿದ್ದರು. ತಂತಿ, ಗೂಟ, ವೈರು ಎಲ್ಲ ಪೊಲೀಸರ ಕೈಯಲ್ಲಿದ್ದವು. ಇದಕ್ಕಿಂತ ಗಟ್ಟಿ ಕೇಸು ಬೇಕು ಅಂದರೂ ಸಿಗುವುದಿಲ್ಲ.

ಅವನು ಮಾತಾಡುತ್ತಿದ್ದಷ್ಟೂ ಹೊತ್ತು ಅಬ್ಬಾ ನೆಲ ನೋಡುತ್ತ ಕೂತಿದ್ದರು. ಆ ಪಂಪ್‌ಸೆಟ್ಟಿನ ಮೋಟಾರಿಗೆ ವೈಂಡಿಂಗ್ ಅವರೇ ಕಟ್ಟಿಕೊಟ್ಟದ್ದಂತೆ. ನನಗೆ ಅಬ್ಬಾನ ಮೇಲೆ ಸುಮ್ಮನೆ ಸಿಟ್ಟು ಬಂತು, ಕೇಸು ತಂದವರೇ ಮುಖ ಹೀಗೆ ಮಾಡಿಕೊಂಡು ಕೂರಬಾರದು.

ಕೇಸು ನಿರ್ಲಕ್ಷ್ಯದಿಂದ ಸಾವಿನದು. ಜಾಮೀನು ಕೊಡುವಾಗ, ಸಾಕ್ಷಿಗಳನ್ನು ಮಾತಾಡಿಸಕೂಡದು ಎಂದು ಕೋರ್ಟು ಷರತ್ತು ಹಾಕಿತ್ತು. ಸಾಕ್ಷಿಗಳ ಪೈಕಿ ಜಂಬಕ್ಕನೂ ಇದ್ದಳು, ಅವಳ ಗಂಡ ಹುಲುಗಣ್ಣನೂ ಇದ್ದ. ಅವರ ಮನೆ ಕಡೆ ತಲೆ ಹಾಕಬೇಡ ಎಂದು ನಾನು ಗದರಿಸಿಯೇ ಕಳಿಸಿದೆ.

ಮುಂದಿನ ಸಲ ಬಂದಾಗ ದೊಡ್ಡಬೀರಪ್ಪ ಬೇರೆ ಮನುಷ್ಯನ ಹಾಗಿದ್ದ. ಹಣೆಯ ಮೇಲೆ ಭಂಡಾರ, ಅಂದರೆ ದೇವರ ಅರಿಶಿನ. ಕುರ್ಚಿಯಲ್ಲಿ ಕೂತ.

"ದೇವ್ರ ಮುಂದ ಎಲ್ಲಾ ಆತ್ರಿ ಮೇಡಂ."

"ಏನಾತು?"

"ಬೀರಪ್ಪ ದೇವ್ರ ಕಟ್ಟಿ ಮ್ಯಾಲೆ ಹಿರೇರು ಕೂಡಿದ್ರು. ಭಂಡಾರ ಮುಟ್ಟಿ ಹೇಳಬೇಕಾದ್ದು ಹೇಳ್ದೆ. ದಂಡ ಅಂತ ತಪ್ಪಿನ ಕುರಿ ಹಾಕಿದ್ರು. ನನ್ನ ಹಿಂಡಿನ್ಯಾಗ ಚಲೋ ಚಲೋ ಕುರಿ ಆರಿಸಿ ಹಿರೇರ ಕೈಲೆ ಅಕ್ಕನ ಹಟ್ಟಿಗೆ ಹೊಡಿಸ್ದೆ. ಮಾತು ಅಲ್ಲಿಗೆ ಮುಚ್ಚಿದ್ರು."

ಮಾತು ಮುಚ್ಚುವುದು ಎಂದರೆ ಏನೆಂದು ಅಬ್ಬಾ ಆಮೇಲೆ ಬಿಡಿಸಿ ಹೇಳಿದರು. ಕುರುಬರ ಹಿರಿಯರು ಭಂಡಾರ ಹಾಕಿ ಮುಗಿಸಿದ ತಪ್ಪನ್ನು ಮತ್ತೆ ಯಾರೂ ಬಾಯಲ್ಲಿ ಆಡುವಂತಿಲ್ಲ. ಮಾಡಿದವನೂ ಆಡುವಂತಿಲ್ಲ, ಕಳೆದುಕೊಂಡವನೂ ಆಡುವಂತಿಲ್ಲ. ಆಡಿದರೆ ದೇವರಿಗೆ ದ್ರೋಹ. ಕುರಿ ಹಟ್ಟಿ ಸೇರಿದರೆ ಮುಗಿಯಿತು, ಎರಡು ಮನೆಯವರೂ ಮತ್ತೆ ಒಂದೇ ಕಡೆ ಉಣ್ಣಬಹುದು.

"ನಿಮ್ಮ ಅಕ್ಕ ಏನಂದ್ರು?" ಎಂದು ಕೇಳಿದೆ.

"ಅಕ್ಕ ಹೆಂಗ್ ಬರ್ತಾಳ್ರಿ? ಹೆಣ್ಮಕ್ಕಳು ಕಟ್ಟಿ ಹತ್ತಂಗಿಲ್ಲ. ಮಾವ ಇದ್ರಲ್ಲ, ಹುಲುಗಣ್ಣ ಮಾವ. ಎಲ್ಲಾ ಕೇಳಿಸ್ಕೊಂಡ್ರು. ಆತು ಅಂದ್ರು."

ಸಾಕ್ಷಿಯ ಎದುರು ಹೋಗಿ ಕೂತದ್ದು ಜಾಮೀನಿನ ಷರತ್ತಿಗೆ ವಿರುದ್ಧ ಎಂದು ಗದರಿಸಬೇಕಿತ್ತು; ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇದು ರಾಜಿಯಾಗುವ ಕೇಸಲ್ಲ. ಸತ್ತವನ ತಂದೆ ತಾಯಿ ಕ್ಷಮಿಸಿದರೂ ಸರ್ಕಾರ ಬಿಡುವುದಿಲ್ಲ. ಹಾಗಾಗಿ ನಮ್ಮ ಕಡೆ ರಾಜಿ ಹೊರಗೆ ಆಗುತ್ತದೆ, ಆಮೇಲೆ ಸಾಕ್ಷಿ ಕಟಕಟೆಗೆ ಬಂದು 'ನನಗೇನೂ ಗೊತ್ತಿಲ್ರಿ' ಎನ್ನುತ್ತದೆ. ಅರ್ಧ ಕೇಸು ಗೆದ್ದೆ ಎಂದುಕೊಂಡು ಅವತ್ತು ಅವನಿಗೂ ನನಗೂ ಚಹಾ ತರಿಸಿದೆ.

ಆರೋಪ ಓದುವ ದಿನ ಕೋರ್ಟಿನ ವರಾಂಡದಲ್ಲಿ ಒಬ್ಬ ಹೆಂಗಸು ನನ್ನ ಕೋಟಿನ ತೋಳು ಹಿಡಿದು ನಿಲ್ಲಿಸಿದಳು. ಮುಖ ನೋಡಿದ ಕೂಡಲೇ ಗೊತ್ತಾಯಿತು, ತಮ್ಮನದೇ ಮೂಗು, ತಮ್ಮನದೇ ಹುಬ್ಬು.

"ನೀವ ಏನ್ರಿ ನಮ್ಮ ತಮ್ಮನ ವಕೀಲಮ್ಮ?"

"ಹೌದು ಜಂಬಕ್ಕ. ಇವತ್ತು ನೀವು ಬರೋ ಕೆಲಸ ಇರಲಿಲ್ಲ. ಸಾಕ್ಷಿ ಇನ್ನೂ ಮುಂದ ಐತಿ."

"ಇವತ್ತು ಅವನ್ನ ಕೇಳ್ತಾರಂತಲ್ರಿ, ಮಾಡೀಯೋ ಇಲ್ಲೋ ಅಂತ. ಪೊಲೀಸಪ್ಪ ಹೇಳಿದ. ಅದಕ್ಕ ಬಂದೀನಿ."

"ನಿಮ್ಮ ಯಜಮಾನ್ರು ನಿಮಗ ಏನೂ ಹೇಳಲಿಲ್ಲೇನು?" ಎಂದೆ.

"ಎಲ್ಲಾ ಮುಗೀತು ಅಂದ್ರು. ಕುರಿ ಬಂದುವು. ಯಾಕ ಬಂದುವು, ಅವನು ಏನಂತ ಹೇಳಿ ಕಳಿಸ್ಯಾನ ಅಂತ ಕೇಳಿದ್ರ, ಮಾತು ಮುಚ್ಚೈತಿ, ಕೇಳಬ್ಯಾಡ ಅಂತಾರ. ಊರಾಗ ಬಾಯಿಗೊಂದು ಮಾತು. ತಂತಿ ಯಾರ ಹಾಕಿದ್ರೋ ಅಂತಾರ. ಮಾರೇಶ ತೆನಿ ಕದಿಯಾಕ ಹೋಗಿದ್ದ ಅಂತಾರ. ನನ್ನ ಮಗ ಕಳ್ಳ ಅಲ್ರಿ ವಕೀಲಮ್ಮ. ಮಾವನ ಹೊಲದಾಗ ಕದಿಯಾ ದರ್ದು ಏನಿತ್ತು ಅವನಿಗೆ?"

"ಹಂಗ ಯಾರೂ ನಂಬಂಗಿಲ್ಲ ಬಿಡ್ರಿ."

"ಒಂದ್ ಸಲ ಹೇಳ್ಲಿ. 'ನಾನು ಹಾಕಿದ ತಂತಿ, ನನ್ನಿಂದ ಹೋದ' ಅಂತ ಎಲ್ಲಾರ ಮುಂದ ಹೇಳ್ಲಿ. ನನ್ನ ಕಿವಿಗೆ ಬಿದ್ರ ಸಾಕು. ಅವನ್ನ ಜೇಲಿಗೆ ಹಾಕ್ರಿ ಅನ್ನಾಕ ಬಂದಿಲ್ಲ ನಾನು. ಬಿಟ್ಟುಬಿಡ್ರಿ ಅಂತ ನಾನ ಜಡ್ಜ್ ಸಾಹೇಬ್ರ ಕಾಲಿಗೆ ಬೀಳ್ತೀನಿ."

"ನೀವು ಬಿಡ್ರಿ ಅಂದ್ರೂ ಅವ್ರು ಬಿಡಾಕ ಬರಂಗಿಲ್ಲ ಜಂಬಕ್ಕ. ಅವನು ಹ್ಞೂಂ ಅಂದ್ರ ಶಿಕ್ಷೆ ಆಗತೈತಿ."

"ಖರೇ ಹೇಳಿದ್ರ ಒಳಗ, ಇಲ್ಲ ಅಂದ್ರ ಹೊರಗ?"

ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಕೊಡುವ ಅದೇ ಉತ್ತರ. ಅವಳ ಮುಖ ನೋಡಿಕೊಂಡು ಹೇಳುವ ಉತ್ತರ ಅದಲ್ಲ. ದೇವರ ಮುಂದೆ ಹೇಳಿದ್ದಾನೆ ತಾಯಿ, ನಿನಗೆ ಕೇಳಿಸಿಲ್ಲ ಅಷ್ಟೇ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಕಕ್ಷಿದಾರ ನನ್ನ ಬಳಿ ಆಡಿದ ಮಾತನ್ನು ಸಾಕ್ಷಿಗೆ ದಾಟಿಸುವಂತಿಲ್ಲ. ತೋಳು ಬಿಡಿಸಿಕೊಂಡು ಒಳಗೆ ಹೋದೆ.

ದೊಡ್ಡಬೀರಪ್ಪನನ್ನು ಕೂಗಿದರು. ಅವನು ಕಂಬಳಿಯನ್ನು ಹೊರಗೆ ಬಿಟ್ಟು, ಕೈಮುಗಿದು ಕಟಕಟೆಯಲ್ಲಿ ನಿಂತ. ಜಡ್ಜರು ಆರೋಪ ಓದಿದರು: ಜನ ಓಡಾಡುವ ದಾರಿ ಎಂದು ತಿಳಿದಿದ್ದೂ, ಮನುಷ್ಯರ ಜೀವವನ್ನು ಲೆಕ್ಕಿಸದೆ, ವಿದ್ಯುತ್ ತಂತಿ ಹಾಕಿ ಮಾರೇಶ ಎಂಬುವವರ ಸಾವಿಗೆ ಕಾರಣನಾಗಿದ್ದೀಯೆ ಎಂದು. ಒಳ್ಳೆಯ ಜಡ್ಜರು, ಓದಿದ್ದನ್ನು ಆಡುಮಾತಿನಲ್ಲಿ ಇನ್ನೊಮ್ಮೆ ಹೇಳಿದರು. "ಇದನ್ನ ಒಪ್ಪಿಕೊಳ್ತೀಯೇನಪ್ಪ, ವಿಚಾರಣೆ ಬೇಕೋ?"

ಅವನು ಬಾಗಿಲ ಕಡೆ ನೋಡಿದ. ಜಂಬಕ್ಕ ಸೆರಗನ್ನು ಬಾಯಿಗೆ ಹಿಡಿದು ಹೊಸ್ತಿಲ ಹತ್ತಿರ ನಿಂತಿದ್ದಳು. ಜಡ್ಜರು ಮತ್ತೆ ಕೇಳಿದರು. ಈ ಸಲ ಅವನು ನನ್ನ ಕಡೆ ನೋಡಿದ. ನಾನು ಹೇಳಿಕೊಟ್ಟಂತೆ ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ.

"ಇಲ್ರಿ," ಎಂದ.

ಅಷ್ಟೇ, ಮುಂದಿನ ಕೇಸು ಕೂಗಿದರು. ತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ಹೊರಗೆ ಬಂದ ಮೇಲೆ ಅವನು ಬೇವಿನ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಅಕ್ಕ ಬಂದಿದ್ಳಲ್ರಿ," ಎಂದ.

"ಬರ್ಲಿ ಬಿಡ್ರಿ. ನೀವು ಬರೋಬ್ಬರಿ ಹೇಳಿದ್ರಿ."

"ತಿಳದೂ ತಿಳದೂ ಅಂತ ಓದಿದ್ರಲ್ರಿ. ಅವನು ಆ ಕಡಿಂದ ಬರ್ತಾನಂತ ನನಗ ತಿಳದಿತ್ತೇನ್ರಿ? ತಂತಿ ಹಾಕಿದ್ದಕ್ಕ ಹ್ಞೂಂ ಅನ್ನಬೇಕಂದೆ. ಆದ್ರ ಆ ಮಾತಿಗೂ ಹ್ಞೂಂ ಅಂದ್ರ ಬೇಕಂತ ಕೊಂದಂಗ ಆಗ್ತಿತ್ತು. ಮತ್ತ ಭಂಡಾರ ಹಾಕಿ ಮುಚ್ಚಿದ ಮಾತು ಹೆಂಗ್ ಎತ್ತಲಿ? ಎತ್ತಿದ್ರ ಅಕ್ಕನ ಮನಿಗೂ ಕೇಡು." ತಗ್ಗಿದ ದನಿಯಲ್ಲಿ, "ಜೇಲಿಗೂ ಅಂಜಿದ್ನಿರಿ," ಎಂದ.

ಕಾರಣ ಕೇಳುವವರಿಗೆ ಹೇಳಲು ಇದಕ್ಕಿಂತ ಪ್ರಾಮಾಣಿಕ ಉತ್ತರ ನನಗೆ ಆಮೇಲೂ ಸಿಕ್ಕಿಲ್ಲ. ಆದರೆ ಬಾಗಿಲಲ್ಲಿ ನಿಂತವಳಿಗೆ ಕೇಳಿಸಿದ್ದು ಒಂದೇ ಮಾತು.

ವಿಚಾರಣೆ ಶುರುವಾಗುವ ಹೊತ್ತಿಗೆ ಒಂದು ವರ್ಷ ದಾಟಿತ್ತು. ನಾನು ಅಂದುಕೊಂಡ ಹಾಗೆಯೇ ಆಯಿತು. ಹೊಲದಲ್ಲಿ ಪಂಚನಾಮೆಗೆ ಸಹಿ ಹಾಕಿದ್ದವರು, ಸಹಿ ತಮ್ಮದೇ ಆದರೆ ಹಾಕಿದ್ದು ಪೊಲೀಸ್ ಠಾಣೆಯಲ್ಲಿ ಎಂದರು. ಬಸ್ಸಿನಲ್ಲಿ ಇದ್ದವರಿಗೆ ಬೊಬ್ಬೆ ಕೇಳಿಸಿತ್ತು, ಮಾತು ಕೇಳಿಸಿರಲಿಲ್ಲ. ಹೊಲದ ಪಹಣಿ ಇನ್ನೂ ದೊಡ್ಡಬೀರಪ್ಪನ ಸತ್ತುಹೋದ ತಂದೆಯ ಹೆಸರಲ್ಲೇ ಇತ್ತು. ಹುಲುಗಣ್ಣ ಬಂದು, ಮಗ ಕರೆಂಟು ಹೊಡೆದು ಸತ್ತದ್ದು ಗೊತ್ತು, ಯಾರ ತಂತಿಯೋ ಗೊತ್ತಿಲ್ಲ ಎಂದು ಹೇಳಿ, ತಲೆ ಎತ್ತದೆ ಇಳಿದು ಹೋದ.

ಆಮೇಲೆ ಜಂಬಕ್ಕ ಬಂದಳು. ಸರ್ಕಾರಿ ವಕೀಲರು ಕೇಳಿದರು: "ನಿಮ್ಮ ಮಗ ಸತ್ತ ಹೊಲಕ್ಕೆ ಕರೆಂಟ್ ತಂತಿ ಹಾಕಿದ್ದು ಯಾರಮ್ಮ?"

ಅವಳು ತಮ್ಮನ ಕಡೆ ಕೈ ತೋರಿಸಿದಳು. "ಅವನ್ನ ಕೇಳ್ರಿ," ಎಂದಳು.

"ಅವರನ್ನ ಕೇಳೋ ಹಂಗಿಲ್ಲಮ್ಮ. ನಿಮಗೆ ಗೊತ್ತಿರೋದು ಹೇಳಿ," ಎಂದರು ಜಡ್ಜರು.

"ಅವನ್ನ ಯಾಕ ಕೇಳಂಗಿಲ್ರಿ?"

"ಒಮ್ಮೆ ಕೇಳಿ ಆಗಿದೆ. ಇಲ್ಲ ಅಂದಿದ್ದಾರೆ."

"ಹಂಗಾರ ನನಗೂ ಗೊತ್ತಿಲ್ರಿ. ನಾನು ನೋಡಿಲ್ಲ. ಮಾಡಿದವರು ಯಾರೂ ಬಂದು ನನ್ನ ಮುಂದ ಹೇಳಿಲ್ಲ."

ಸರ್ಕಾರಿ ವಕೀಲರು ಅವಳನ್ನೂ ಪ್ರತಿಕೂಲ ಸಾಕ್ಷಿ ಎಂದು ಘೋಷಿಸಲು ಕೇಳಿಕೊಂಡರು. ನಿಜ ನೋಡಿದರೆ, ಆ ಇಡೀ ಕೇಸಿನಲ್ಲಿ ಒಂದು ಅಕ್ಷರವೂ ಸುಳ್ಳಾಡದವಳು ಅವಳೊಬ್ಬಳೇ. ನನಗೆ ಪಾಟೀಸವಾಲು ಹಾಕುವುದಕ್ಕೇ ಏನೂ ಉಳಿದಿರಲಿಲ್ಲ.

ಅನುಮಾನದ ಲಾಭ ಕೊಟ್ಟು ದೊಡ್ಡಬೀರಪ್ಪನನ್ನು ಬಿಡುಗಡೆ ಮಾಡಿದರು. ಒಂದು ವಾರ ಬಿಟ್ಟು ಅವನು ಅಬ್ಬಾನನ್ನೂ ನನ್ನನ್ನೂ ಊಟಕ್ಕೆ ಕರೆದ. ಜಾಮೀನಿನ ಷರತ್ತು ತೀರಿತ್ತು, ಇನ್ನು ಅಕ್ಕನನ್ನು ಮಾತಾಡಿಸಬಹುದು. ಅವಳಿಗೂ ಹೇಳಿಕಳಿಸಿದ್ದೇನೆ ಎಂದ, ಆಸೆಯಿಂದ. ನಾನು ಕಕ್ಷಿದಾರರ ಮನೆಗೆ ಊಟಕ್ಕೆ ಹೋಗುವವಳಲ್ಲ. ಅಬ್ಬಾ ಬಿಡಲಿಲ್ಲ.

ಮನೆ ಮುಂದೆ ಬೇವಿನ ನೆರಳಲ್ಲಿ ಹಿರಿಯರೆಲ್ಲ ಕೂತಿದ್ದರು, ಹುಲುಗಣ್ಣನೂ ಬಂದಿದ್ದ. ನಾವು ಉಣ್ಣಲೆಂದು ಮುಲ್ಲಾನನ್ನು ಕರೆಸಿಯೇ ಕುರಿ ಕೊಯ್ಯಿಸಿದ್ದರು. ತಟ್ಟೆ ಹಾಕುವ ಹೊತ್ತಿಗೆ ಓಣಿಯ ತುದಿಯಲ್ಲಿ ಧೂಳೆದ್ದಿತು. ಜಂಬಕ್ಕ ಒಬ್ಬಳೇ, ಕೈಯಲ್ಲಿ ಕೋಲು, ಮುಂದೆ ಕುರಿಗಳು. ಹಂಪಸಾಗರದಿಂದ ಬಿಸಿಲಲ್ಲಿ ನಡೆಸಿಕೊಂಡು ಬಂದಿದ್ದಳು. ಕುರಿಗಳ ಜೊತೆಗೆ ಅವಳ ಹಟ್ಟಿಯಲ್ಲಿ ಹುಟ್ಟಿದ ಮರಿಗಳೂ ಇದ್ದವು.

ದೊಡ್ಡಬೀರಪ್ಪ ಓಡಿಹೋದ. "ಏನಕ್ಕಾ ಇದು?"

"ನಿನ್ನ ಕುರಿ. ಮರಿನೂ ಅದಾವ. ಒಂದನ್ನೂ ನನ್ನ ಕುರಿ ಸಂಗಾಟ ಕೂಡಿಸಿಲ್ಲ, ಬ್ಯಾರೆ ಇಟ್ಟು ಮೇಸೀನಿ. ನೋಡ್ಕೋ."

"ಇವು ತಪ್ಪಿನ ಕುರಿ ಅಕ್ಕಾ! ದೇವ್ರ ಮುಂದ ಕೊಟ್ಟಿದ್ದು, ವಾಪಸ್ ಹೊಡಿಬಾರದು."

"ಯಾರ ತಪ್ಪು?"

ಹಿರಿಯರಲ್ಲಿ ಒಬ್ಬರು ಎದ್ದು ನಿಂತು, "ಜಂಬಕ್ಕ, ಮಾತು ಮುಚ್ಚೈತವ್ವ," ಎಂದರು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

"ನೀನು ಮಾಡಿಲ್ಲಂತ ಜಡ್ಜ್ ಸಾಹೇಬ್ರು ಬರದಾರ. ನೀನೂ ಇಲ್ರಿ ಅಂದಿ, ನಾನು ಬಾಗಲದಾಗ ನಿಂತು ಕೇಳೀನಿ. ತಪ್ಪು ಮಾಡಲಾರದವನ ಹತ್ರ ತಪ್ಪಿನ ಕುರಿ ಇಸ್ಕೊಂಡ್ರ ನಾನು ಪಾಪಕ್ಕ ಹೋಗ್ತೀನಪ್ಪ."

ದೊಡ್ಡಬೀರಪ್ಪ ಅವಳ ಕಾಲು ಹಿಡಿದುಬಿಟ್ಟ. "ನಾನ ಅಕ್ಕಾ. ನಾನ ಮಾಡೀನಿ. ಈ ಕೈಲೆ ತಂತಿ ಎಳದೀನಿ. ಮಾರೇಶಂದು ಏನೂ ತಪ್ಪಿಲ್ಲ. ನಾನ ಕೊಂದೆ." ದೇವರ ಆಣೆ, ಹಿರಿಯರು, ಯಾವುದೂ ಅವನಿಗೆ ಬೇಕಿರಲಿಲ್ಲ. ಅವತ್ತು ರಸ್ತೆಯಲ್ಲಿ ಹೊಡೆದ ಬೊಬ್ಬೆ ಹೀಗೆಯೇ ಇದ್ದಿರಬೇಕು. ಹಿರಿಯರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಮೆಟ್ಟಿದರು. ಹುಲುಗಣ್ಣ ಮಾತ್ರ ಕೂತಲ್ಲೇ ಕೂತಿದ್ದ.

ಜಂಬಕ್ಕ ಕಾಲು ಬಿಡಿಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸುತ್ತ ನೋಡಿ ನನ್ನನ್ನು ಗುರುತು ಹಿಡಿದು ಹತ್ತಿರ ಬಂದಳು.

"ವಕೀಲಮ್ಮ, ಇದನ್ನ ಅಲ್ಲಿ ಹೋಗಿ ಹೇಳಿದ್ರ ಬರಕೊಂತಾರೇನ್ರಿ? ಅವನ್ನ ಇನ್ನೊಂದ್ ಸಲ ಕೇಳ್ತಾರೇನು?"

ಅವಳ ದನಿಯಲ್ಲಿ ಇನ್ನೂ ಒಂದಿಷ್ಟು ನಂಬಿಕೆ ಇತ್ತು. ಅದನ್ನು ಕೇಳಿ ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

"ಇಲ್ಲಮ್ಮ. ಒಮ್ಮೆ ಬಿಟ್ಟ ಮ್ಯಾಲೆ ಅದೇ ಕೇಸಿಗೆ ಮತ್ತ ಕೇಳಾಕ ಬರಂಗಿಲ್ಲ."

"ಹಂಗಾರ ಅವ್ರು ಅಲ್ಲಿ ಬರಕೊಂಡಿದ್ದೇ ಖರೇ," ಎಂದಳು. ಆಮೇಲೆ ತಮ್ಮನಿಗೆ, "ಏಳು, ಮಂದಿ ನೋಡ್ತಾರ. ಆಗಿ ಹೋದ ಮ್ಯಾಲೆ ಸುಳ್ಳು ಹೇಳಬಾರದು," ಎಂದು ಹೇಳಿ ಬಂದ ದಾರಿಯಲ್ಲೇ ಹೊರಟಳು.

ದೊಡ್ಡ ಕುರಿಗಳು ಹಳೆಯ ಹಟ್ಟಿಯ ಗುರುತು ಹಿಡಿದು ಒಳಗೆ ಹೋದವು. ಮರಿಗಳಿಗೆ ಈ ಊರು ಗೊತ್ತಿರಲಿಲ್ಲ. ಅವು ಜಂಬಕ್ಕನ ಹಿಂದೆ ಓಡಿದವು. ಅವಳು ಕೋಲು ಅಡ್ಡ ಹಿಡಿದು ಅವನ್ನು ತಿರುಗಿಸಿದಳು, ಅವು ಮತ್ತೆ ಓಡಿದವು, ಮತ್ತೆ ತಿರುಗಿಸಿದಳು. ಕೊನೆಗೆ ಅಬ್ಬಾ ಎದ್ದು ಹೋಗಿ ಮರಿಗಳನ್ನು ಒಂದೊಂದಾಗಿ ಎತ್ತಿ ತಂದು ಹಟ್ಟಿಗೆ ಬಿಟ್ಟು, ಬಾಗಿಲಿಗೆ ಮುಳ್ಳುಕಂಟಿ ಎಳೆದು ಮುಚ್ಚಿದರು. ದೊಡ್ಡಬೀರಪ್ಪ ಓಣಿಯ ನಡುವೆ ಕೂತು, 'ನಾನ ಅಕ್ಕಾ, ನಾನ' ಎನ್ನುತ್ತಲೇ ಇದ್ದ. ಜಂಬಕ್ಕ ಆಗಲೇ ಓಣಿ ದಾಟಿ ಹೋಗಿದ್ದಳು.